ಲಿಸ್ಯೂವಿನ ತೆರೇಸಾ ಮತ್ತು ವಿಮರ್ಶಕರ ಅಭಿರುಚಿ

ಕ್ರೈಸ್ತ ಸಂತಪರಂಪರೆಯನ್ನು ಅಳೆಯುವವರು ಅಗಸ್ತೀನ, ಅವಿಲಾದ ತೆರೇಸಾ, ಶಿಲುಬೆಯ ಯೊವಾನ್ನರ ಮುಂದೆ ತಲೆಬಾಗಿ, ಲಿಸ್ಯೂವಿನ ತೆರೇಸಾಳ ಸರದಿ ಬಂದಾಗ ಗುಲಾಬಿ ಹೂಗಳ, ಹುಡುಗಾಟಿಕೆಯ, ಅಳುಬುರುಕ ಭಕ್ತಿಯ ಸಂತಳೆಂದು ಒಂದೇ ಮಾತಿನಲ್ಲಿ ಮುಗಿಸಿಬಿಡುವುದು ಎಷ್ಟು ರೂಢಿಯಾಗಿದೆಯೆಂದರೆ, ಹಾಗೆ ಹೇಳುವವರು ಆಕೆಯ ಬರಹವನ್ನು ಓದಿದ್ದಾರೆಯೇ ಎಂದು ಯಾರೂ ಕೇಳುವುದಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ನಿತ್ಯಜೀವದ ಭರವಸೆಯನ್ನು ಆಕೆಯಷ್ಟು ಕಠಿಣವಾಗಿ ಪರೀಕ್ಷಿಸಿಕೊಂಡ ಲೇಖಕರು ವಿರಳ. ಆದ್ದರಿಂದ ಈ ತೀರ್ಪನ್ನು ಅನ್ಯಾಯವೆಂದೇ ಕರೆಯಬೇಕು.

1873ರಲ್ಲಿ ಫ್ರಾನ್ಸಿನ ಅಲೆನ್ಸಾನ್‌ನಲ್ಲಿ ಹುಟ್ಟಿದ ತೆರೇಸಾ ಹದಿನೈದನೆಯ ವಯಸ್ಸಿನಲ್ಲಿ ಲಿಸ್ಯೂವಿನ ಕಾರ್ಮೆಲ್ ಮಠವನ್ನು, ಅಂದರೆ ಹೊರಗಿನ ಸಂಚಾರವನ್ನು ತೊರೆದು ಮೌನ ಮತ್ತು ಪ್ರಾರ್ಥನೆಯಲ್ಲಿ ಬಾಳುವ ಕನ್ಯಾಮಠವನ್ನು ಸೇರಿ, 1897ರ ಸೆಪ್ಟೆಂಬರ್ 30ರಂದು, ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಕ್ಷಯದಿಂದ ತೀರಿಕೊಂಡಳು. ಮರುವರ್ಷ ಪ್ರಕಟವಾದ ಆಕೆಯ ಆತ್ಮಕಥನವನ್ನು ಅಕ್ಕ ಪೌಲಿನ್, ಮಠದ ಹೆಸರಿನಲ್ಲಿ ಮದರ್ ಆಗ್ನೆಸ್, ಸಾವಿರಾರು ಕಡೆ ತಿದ್ದಿದ್ದಳು; ಇನ್ನೊಬ್ಬ ಅಕ್ಕ ಸೆಲಿನ್ ತೆಗೆದ ಛಾಯಾಚಿತ್ರಗಳ ಮುಖವನ್ನೂ ಭಕ್ತರಿಗಾಗಿ ಮೃದುಗೊಳಿಸಲಾಯಿತು. ಹಸ್ತಪ್ರತಿಗಳು ಇದ್ದಂತೆಯೇ ಬೆಳಕಿಗೆ ಬಂದದ್ದು 1956ರಲ್ಲಿ. ವಿಮರ್ಶಕರು ಹೀಗಳೆಯುವ ಸಿಹಿಯಲ್ಲಿ ದೊಡ್ಡ ಪಾಲು ತಿದ್ದಿದವರದು. ಉಳಿದ ಹೂವು, ಆಟಿಕೆಗಳ ರೂಪಕಗಳು ಖಂಡಿತವಾಗಿಯೂ ಆಕೆಯವೇ. ಆದರೆ ಅನುಕೂಲಸ್ಥ ಮನೆಯ ಹುಡುಗಿಗೆ ಆ ಕಾಲ ಕೊಟ್ಟಿದ್ದ ಆ ನುಡಿಯಲ್ಲೇ ಆಕೆ ಹೇಳಿದ ಸತ್ಯ ಎಂಥದು ಎಂಬುದನ್ನು ನೋಡಬೇಕು.

1896ರ ಪವಿತ್ರ ವಾರದಲ್ಲಿ, ಅಂದರೆ ಈಸ್ಟರಿಗೆ ಮುಂಚಿನ ವಾರದಲ್ಲಿ, ಮೊದಲ ಬಾರಿಗೆ ರಕ್ತ ಕೆಮ್ಮಿದಾಗ ಸ್ವರ್ಗ ಹತ್ತಿರವಾಯಿತೆಂದು ಹಿಗ್ಗಿದ ತೆರೇಸಾ, ಕೆಲವೇ ದಿನಗಳಲ್ಲಿ, ಈಸ್ಟರ್ ಕಾಲದಲ್ಲೇ, ಸ್ವರ್ಗವೆಂಬುದು ಇದೆಯೆಂಬ ನೆಮ್ಮದಿಯನ್ನು ಕಳೆದುಕೊಂಡಳು. ಆ ಕತ್ತಲು ಸಾಯುವವರೆಗೂ ಪೂರ್ತಿ ಸರಿಯಲಿಲ್ಲ. ಸಾವಿನಾಚೆ ಇರುವುದು ಶೂನ್ಯದ ಇರುಳೇ ಎಂದು ಅಣಕಿಸುವ ದನಿಯನ್ನು ಆಕೆ 1897ರ ಜೂನ್‌ನಲ್ಲಿ ಬರೆದ ಕೊನೆಯ ಹಸ್ತಪ್ರತಿಯಲ್ಲಿ ಮುಚ್ಚಿಡದೆ ದಾಖಲಿಸಿದ್ದಾಳೆ, ಮತ್ತು ನಂಬಿಕೆಯಿಲ್ಲದವರನ್ನು ಖಂಡಿಸುವ ಬದಲು ಅವರ ಪಂಕ್ತಿಯಲ್ಲೇ ಕುಳಿತು ಅವರೊಡನೆ ಕಹಿ ರೊಟ್ಟಿ ತಿನ್ನಲು ಒಪ್ಪಿದ್ದಾಳೆ. ಆ ಕತ್ತಲಿನ ಕಾಲದಲ್ಲೇ ವಿಶ್ವಾಸಪ್ರಮಾಣವನ್ನು, ಅಂದರೆ ಕ್ರೈಸ್ತ ನಂಬಿಕೆಯ ಸಾರವನ್ನು ಹೇಳುವ ಪ್ರಾರ್ಥನೆಯನ್ನು, ತನ್ನ ರಕ್ತದಲ್ಲಿ ಬರೆದು ಎದೆಯ ಬಳಿ ಇಟ್ಟುಕೊಂಡಳು. ಶಿಲುಬೆಯ ಯೊವಾನ್ನನ 'ಆತ್ಮದ ಕತ್ತಲು', ಅಂದರೆ ದೇವರು ದೂರವಾದಂತೆ ತೋರುವ ಸ್ಥಿತಿಯ ಚಿತ್ರ, ಪರಿಣತ ಕವಿಯ ಸಂಯಮದಲ್ಲಿ ಮೂಡಿದ್ದು. ಇಲ್ಲಿರುವುದು ಉಸಿರಾಡಲು ಒದ್ದಾಡುವ ರೋಗಿಯ ಬರಹ, ಆ ಕಾರಣಕ್ಕೇ ಹೆಚ್ಚು ನಂಬಲರ್ಹ. ಆಕೆಯ 'ಕಿರುದಾರಿ', ಅಂದರೆ ದೊಡ್ಡ ತಪಸ್ಸುಗಳಿಲ್ಲದೆ ದಿನದ ಸಣ್ಣ ಕೆಲಸಗಳಲ್ಲೇ ದೇವರಿಗೆ ತನ್ನನ್ನು ಒಪ್ಪಿಸಿಕೊಳ್ಳುವ ಕ್ರಮ, ಈ ಕತ್ತಲಿನಲ್ಲೂ ಮುಂದುವರಿಯಿತೆಂಬುದನ್ನು ಮರೆತವರಿಗೆ ಮಾತ್ರ ಅದು ಮಕ್ಕಳಾಟವಾಗಿ ತೋರುತ್ತದೆ.

ಈ ತಿರಸ್ಕಾರದ ಬೇರು ದೇವಶಾಸ್ತ್ರದಲ್ಲಿಲ್ಲ, ಅಭಿರುಚಿಯಲ್ಲಿದೆ. ಪ್ಯಾರಿಸಿನ ಸೇಂಟ್ ಸುಲ್ಪೀಸ್ ದೇವಾಲಯದ ಸುತ್ತಲಿನ ಅಂಗಡಿಗಳಲ್ಲಿ ಮಾರುತ್ತಿದ್ದ ಬಣ್ಣದ ಪ್ಲಾಸ್ಟರ್ ಪ್ರತಿಮೆಗಳಿಂದಾಗಿ ಆ ಹೆಸರೇ ಅಗ್ಗದ ಭಕ್ತಿಕಲೆಗೆ ಬೈಗುಳವಾಯಿತು, ಮತ್ತು ಕಲಾರಸಿಕರು ಪ್ರತಿಮೆಯೊಡನೆ ಅದರ ಮುಂದೆ ಮೊಣಕಾಲೂರುವ ಹೆಂಗಸರನ್ನೂ ಕೀಳೆಂದರು. ಅದೇ ತಾತ್ಸಾರ ತೆರೇಸಾಳಿಗೂ ತಗುಲಿತು. ಆದರೆ ಮೈಸೂರು ಸೀಮೆಯಲ್ಲಿ ಧರ್ಮಪ್ರಚಾರ ಮಾಡಿದ ಪ್ಯಾರಿಸ್ ವಿದೇಶೀ ಪ್ರೇಷಿತ ಸಂಘದಿಂದಲೇ ಚೀನಾಕ್ಕೆ ಹೋದ ಪಾದ್ರಿ ಅಡೋಲ್ಫ್ ರುಲಾನ್‌ಗೆ ತೆರೇಸಾ ಮಠದೊಳಗಿಂದ ಬರೆದ ಪತ್ರಗಳು, ಸ್ವರ್ಗವನ್ನು ವಿಶ್ರಾಂತಿಯಾಗಿ ಅಲ್ಲ, ಮುಂದುವರಿಯುವ ಕೆಲಸವಾಗಿ ಕಾಣುತ್ತವೆ. ಇಂಥ ಮನಸ್ಸನ್ನು ಭಾವುಕವೆನ್ನುವ ವಿಮರ್ಶೆ, ಒಣಗಿದ ವಾಕ್ಯವನ್ನೇ ಬುದ್ಧಿಯೆಂದು ಎಣಿಸುವ ಓದುಗವರ್ಗದ ಜಂಬವಷ್ಟೆ. 1997ರಲ್ಲಿ ಪೋಪ್ ಎರಡನೆಯ ಜಾನ್ ಪೌಲ್ ಆಕೆಯನ್ನು ಧರ್ಮಸಭೆಯ ಪಂಡಿತಳೆಂದು, ಅಂದರೆ ಇಡೀ ಸಭೆಗೆ ಬೋಧಿಸಬಲ್ಲ ಗುರುವೆಂದು ಘೋಷಿಸಿದಾಗ, ಆಕೆ ಒಂದೂ ದೇವಶಾಸ್ತ್ರಗ್ರಂಥ ಬರೆದವಳಲ್ಲವೆಂಬ ಆಕ್ಷೇಪಕ್ಕೆ ಬೆಲೆಯಿರಲಿಲ್ಲ; ಗ್ರಂಥಗಳನ್ನು ರಾಶಿ ಹಾಕಿದ ಅನೇಕ ಪಂಡಿತರು ಸಾವಿನೆದುರು ನಂಬಿಕೆ ಹೇಗೆ ಉಳಿಯುತ್ತದೆಂಬ ಪ್ರಶ್ನೆಯ ಹತ್ತಿರವೂ ಸುಳಿದಿಲ್ಲ.