ಹೈರಾಣ ಅಂದ್ರ ಬರೇ ದಣಿವಲ್ಲ

ಉತ್ತರ ಕರ್ನಾಟಕದ ಕಾದಂಬರಿಗಳ ಕೊನೆಯಲ್ಲಿ ಪ್ರಾದೇಶಿಕ ಪದಗಳಿಗೆ ಅರ್ಥ ಕೊಡುವ ರೂಢಿಯುಂಟು. ನನ್ನ ಸಂಶೋಧನ ಪ್ರಬಂಧಕ್ಕೂ ಅಂಥದೊಂದು ಪಟ್ಟಿ ಮಾಡಿ, ‘ಹೈರಾಣ: ಆಯಾಸ, ದಣಿವು’ ಎಂದು ಬರೆದಿದ್ದೆ. ಸಿಂದಗಿಯ ಮನೆಯಲ್ಲಿ ಓದಿ ಹೇಳಿದಾಗ ಅವ್ವ ನಕ್ಕಳು: “ದಣಿವು ಮಕ್ಕೊಂಡ್ರ ಹೋಗತೈತಿ. ಹೈರಾಣ ಆದ್ರ ನಿದ್ದಿನೇ ಬರಂಗಿಲ್ಲ.”

ಅರಬ್ಬಿಯಲ್ಲಿ ‘ಹೈರಾನ್’ ಎಂದರೆ ದಿಕ್ಕು ತೋಚದವನು. ಫಾರಸಿಯ ಮೂಲಕ ಬಂದ ಈ ಪದಕ್ಕೆ ಇಂದಿನ ಹಿಂದಿಯಲ್ಲಿ ಮುಖ್ಯವಾಗಿ ಅಚ್ಚರಿಯ ಅರ್ಥ. ಮರಾಠಿಯಲ್ಲಿ ಕಾಟಕ್ಕೆ ಸಿಕ್ಕು ಬೇಸತ್ತ ಅರ್ಥ. ಮರಾಠಿಯದೂ ‘ಣ’ಕಾರವೇ, ನಮ್ಮ ಅರ್ಥವೂ ಅದಕ್ಕೇ ಹತ್ತಿರ. ಆದಿಲ್ ಶಾಹಿಯ ಎರಡು ಶತಮಾನ, ಆಮೇಲೆ ಮರಾಠರು, 1956ರವರೆಗೆ ಮುಂಬಯಿಯ ಆಡಳಿತ, ಭೀಮೆಯಾಚೆಗೆ ಸೊಲ್ಲಾಪುರ: ಇಂಥ ನೆಲದಲ್ಲಿ ಪದಗಳು ಬರುವ ದಾರಿ ಒಂದೇ ಅಲ್ಲ.

ಇದರ ಒಡನಾಡಿ ‘ತ್ರಾಸ’. ಸಂಸ್ಕೃತದಲ್ಲಿ ಅದು ಭಯ. ಮರಾಠಿಯಲ್ಲಿಯೂ ನಮ್ಮಲ್ಲಿಯೂ ಕಾಟ, ಕಷ್ಟ. (ತೂಗುವ ‘ತ್ರಾಸು’ ಬೇರೆ, ಅದು ಫಾರಸಿಯ ‘ತರಾಜು’.) ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಮಾತಿನಲ್ಲಿ ಇವಕ್ಕೊಂದು ಏರಿಕೆಯಿದೆ. ಸದ್ದು ನಿಂತರೆ ಕಿರಿಕಿರಿ ನಿಲ್ಲುತ್ತದೆ. ತ್ರಾಸವನ್ನು ಯಾರೋ ಕೊಡುತ್ತಾರೆ. ಕೊಡುವುದು ನಿಲ್ಲದಿದ್ದಾಗ ಮನುಷ್ಯ ಹೈರಾಣಾಗುತ್ತಾನೆ.

‘ದಣಿವು’ ಎಂಬ ಅರ್ಥ ಸೋಲುವುದು ಇಲ್ಲಿಯೇ. ದಣಿವಿಗೆ ಆರೋಪಿ ಬೇಕಿಲ್ಲ. ‘ಹೈರಾಣ ಮಾಡ್ಯಾರ’ ಎಂದೊಡನೆ ಯಾರು ಎಂಬ ಪ್ರಶ್ನೆ ಏಳುತ್ತದೆ. ಆಲಮಟ್ಟಿ ಹಿನ್ನೀರಿನಲ್ಲಿ ಹೊಲ ಕಳೆದುಕೊಂಡವರು ಪರಿಹಾರಕ್ಕಾಗಿ ಅಲೆದದ್ದನ್ನು ಹೇಳುವಾಗ ಈ ಪದ ಬಂದರೆ, ಅದು ಕಾಲುನೋವಿನ ಮಾತಲ್ಲ, ದೂರು. ಈಗ ರಾಜ್ಯದ ಪತ್ರಿಕೆಗಳೆಲ್ಲ ‘ಮಳೆಗೆ ಜನ ಹೈರಾಣ’ ಎಂದು ತಲೆಬರಹ ಕೊಡುತ್ತವೆ. ಪದ ದೊಡ್ಡದಾಯಿತು, ಆರೋಪಿ ಮಾತ್ರ ಮಳೆಯಾದ. ಚರಂಡಿ ಕಟ್ಟದವರು ಪಾರಾದರು.

ಸಾಹಿತ್ಯದ ಓದಿಗೂ ಈ ಮಾತು ಸಲ್ಲುತ್ತದೆ. ಹಲಸಂಗಿ ಗೆಳೆಯರು ‘ಗರತಿಯ ಹಾಡು’ಗಳನ್ನು ಕೂಡಿಹಾಕಿದ್ದು ಇಂಡಿ ಭಾಗದಲ್ಲಿಯೇ. ಅಲ್ಲಿಂದೀಚೆಗೆ ನಮ್ಮ ವಿಮರ್ಶೆ ಈ ನುಡಿಯ ಅಕ್ಕರೆಯನ್ನು ಮೆಚ್ಚಿಕೊಂಡಷ್ಟು ಅದರ ಸಿಟ್ಟನ್ನು ಕಿವಿಗೊಟ್ಟು ಕೇಳಿಲ್ಲ. ಸಿನಿಮಾ, ಧಾರಾವಾಹಿಗಳಲ್ಲಂತೂ ನಮ್ಮ ಕಡೆಯ ಹೆಂಗಸು ‘ಹೈರಾಣಾಗೇನ್ರೀ’ ಎಂದರೆ ನಗು ಬರಬೇಕೆಂದೇ ಆ ಸಂಭಾಷಣೆ ಬರೆದಿರುತ್ತಾರೆ. ಒಬ್ಬರ ದೂರು ಇನ್ನೊಬ್ಬರಿಗೆ ಹಾಸ್ಯವಾದಾಗ ಅರ್ಥಕೋಶವಾದರೂ ದೂರುದಾರರ ಪಕ್ಕ ನಿಲ್ಲಬೇಕು.

ನನ್ನ ಪಟ್ಟಿಯನ್ನು ತಿದ್ದಿದ್ದೇನೆ: ‘ಹೈರಾಣ: ಮುಗಿಯದ ಕಾಟದಿಂದ ರೋಸಿಹೋದ ಸ್ಥಿತಿ. ಕಾಟ ಕೊಟ್ಟವರು ಯಾರೆಂಬುದನ್ನು ಸಂದರ್ಭದಲ್ಲಿ ನೋಡಿ.’ ಅವ್ವನಿಗೆ ಇದನ್ನೂ ಓದಿ ಹೇಳಿದೆ. ಈ ಸಲ ಆಕೆ ನಗಲಿಲ್ಲ.