‘ಹೂಂ’ ಅಂದವರು ನಾವೇ

ಮೂಡಲಗಿ ಕಡೆಯ ನಮ್ಮ ಪತ್ತಿನ ಸಂಘದಲ್ಲಿ ಕೆಲವು ವರ್ಷಗಳ ಹಿಂದೆ ಒಂದು ಮುಂಜಾನೆ ಅರ್ಧ ಊರು ಸುಸ್ತಿದಾರ ಆಗಿಬಿಟ್ಟಿತು. ಯಾರೂ ಸಾಲ ಮುಳುಗಿಸಿರಲಿಲ್ಲ. ಹೊಸ ಸಾಫ್ಟ್‌ವೇರ್ ಚಾಲೂ ಆಗಿ ಒಂದು ತಿಂಗಳಾಗಿತ್ತು, ಅಷ್ಟೇ. ‘ನಿಮ್ಮ ಕಂತು ಬಾಕಿ ಇದೆ, ದಂಡಬಡ್ಡಿ ಅನ್ವಯಿಸುತ್ತದೆ’ ಅಂತ ಅದು ತಾನಾಗಿಯೇ ಎಲ್ಲರ ಫೋನಿಗೂ ಸಂದೇಶ ಕಳಿಸಿತ್ತು. ಬಾಗಿಲು ತೆಗೆಯುವ ಹೊತ್ತಿಗೆ ಎಪ್ಪತ್ತು ದಾಟಿದ ಹಿರಿಯರೊಬ್ಬರು ಮೊಮ್ಮಗನ ಫೋನು ಹಿಡಿದು ಮೆಟ್ಟಿಲ ಮೇಲೆ ಕುಂತಿದ್ದರು.

“ತಮ್ಮಾ, ನಲವತ್ತ ವರ್ಷದಾಗ ಒಂದ್ ಸಲಾನೂ ನನ್ನ ಹೆಸರ ಬಾಕಿ ಪಟ್ಟಿಗೆ ಬಂದಿಲ್ಲ. ಕಬ್ಬ ಇನ್ನೂ ಹೊಲದಾಗ ಐತಿ. ರೊಕ್ಕ ಎಲ್ಲಿಂದ ತರಲಿ?”

ಆಗ ನಾನು ಸಂಘದ ಆಡಳಿತ ಮಂಡಳಿಯಲ್ಲಿದ್ದೆ. ಏನು ಹೇಳಬೇಕೋ ತಿಳಿಯಲಿಲ್ಲ.

ನಮ್ಮ ಕಡೆ ಸಾಲ ತಿಂಗಳ ಲೆಕ್ಕದಲ್ಲಿ ತಿರುಗುವುದಿಲ್ಲ. ಕಬ್ಬು ಕಡಿದು, ಕಾರ್ಖಾನೆಗೆ ಹೋಗಿ, ಬಿಲ್ ಬಂದ ಮೇಲೆ ಒಮ್ಮೆಲೇ ಜಮಾ. ಬಿಲ್ ತಡವಾದರೆ ಸಾಲವೂ ತಡ. ಇದು ನಮ್ಮ ಗುಮಾಸ್ತರಿಗೂ ಗೊತ್ತು, ಚಹಾ ತರುವ ಹುಡುಗನಿಗೂ ಗೊತ್ತು. ಸಾಫ್ಟ್‌ವೇರಿಗೆ ಮಾತ್ರ ಗೊತ್ತಿರಲಿಲ್ಲ. ಅದನ್ನು ಮಾಡಿದ್ದೇ ತಿಂಗಳ ಸಂಬಳದವರಿಗೆ ಸಾಲ ಕೊಡುವ ಸಂಸ್ಥೆಗಳಿಗೆ. ಹೆಸರು, ಲೋಗೊ ಬದಲಿಸಿ ನಮಗೆ ಕೊಟ್ಟಿದ್ದರು.

ತಪ್ಪು ಯಾರದು? ಸಲಹೆಗಾರರ ಮೇಲೆ ಹಾಕುವುದು ಸುಲಭ. ಅವರು ಮೋಸಗಾರರೇನಲ್ಲ, ಕೆಲಸ ಬಲ್ಲವರು. ಆದರೆ ಒಂದು ದಿನವೂ ನಮ್ಮ ಕೌಂಟರಿನ ಹಿಂದೆ ಕೂತು ಯಾರು ಬರುತ್ತಾರೆ, ಏನು ಕೇಳುತ್ತಾರೆ ಅಂತ ನೋಡಲಿಲ್ಲ. ಗೋಕಾಕದಲ್ಲಿ ಒಂದು ಸಭೆ ಕರೆದರು. ಪರದೆ ಮೇಲೆ ಬಣ್ಣಬಣ್ಣದ ನಕ್ಷೆ. ಕ್ಲೌಡ್, ಮಾಡ್ಯೂಲ್, ಮೈಗ್ರೇಶನ್ ಅಂತ ಒಂದು ತಾಸು ಮಾತಾಡಿದರು. ಪ್ರತಿ ಸಲ “ಓಕೆ ಅಲ್ರಿ ಸರ್?” ಅಂತ ಕೇಳಿದರು. ಪ್ರತಿ ಸಲ ನಾವು “ಹೂಂ” ಅಂದ್ವಿ. ಮೂವತ್ತು ವರ್ಷ ಕೀರ್ದಿ ಬರೆದ ನಮ್ಮ ಕಾರ್ಯದರ್ಶಿಗಳು ಮಾತ್ರ ಮೆಲ್ಲಗೆ ಕೇಳಿದರು: “ಕಬ್ಬಿನ ಬಿಲ್ಲಿಂದು ಹೆಂಗ್ರಿ?”

“ಎಲ್ಲಾ ಕಸ್ಟಮೈಸ್ ಆಗತೈತ್ರಿ ಕಾಕಾ.”

ಅವರೂ “ಹೂಂ” ಅಂದರು. ಆ ‘ಹೂಂ’ಗೆ ಅರ್ಥ ‘ತಿಳಿಯಿತು’ ಅಂತಲ್ಲ, ‘ತಿಳಿಯಲಿಲ್ಲ ಅಂತ ಹೇಳಲು ನಾಚಿಕೆ’ ಅಂತ.

ಇಂಥ ಕಥೆ ಹೇಳಿದ ಕೂಡಲೇ ಕಲಿತವರು ಒಂದು ಉಪದೇಶ ಕೊಡುತ್ತಾರೆ: “ಕಾಲ ಬದಲಾಗೇತಿ, ನೀವೂ ಸ್ವಲ್ಪ ಟೆಕ್ನಾಲಜಿ ಕಲೀರಿ.” ನನಗೆ ಇದು ಒಪ್ಪಿಗೆಯಿಲ್ಲ. ಮನೆ ಕಟ್ಟಿಸುವವನು ಸಿಮೆಂಟಿನ ಪ್ರಮಾಣ ಕಲಿಯಬೇಕಿಲ್ಲ. ಆದರೆ ದೇವರ ಕೋಣೆ ಎಲ್ಲಿ, ದನ ಕಟ್ಟುವುದು ಎಲ್ಲಿ ಅಂತ ಗೌಂಡಿಗೆ ಅವನೇ ಹೇಳಬೇಕು. ಹುಕ್ಕೇರಿಯಲ್ಲಿ 1969ರಿಂದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವಿದೆ. ಕರೆಂಟು ಬಳಸುವ ಜನರೇ ಅದರ ಸದಸ್ಯರು. ಅವರೆಲ್ಲ ಇಂಜಿನಿಯರುಗಳಲ್ಲ, ಆದರೂ ಸಂಘ ಅವರದು. ಯಂತ್ರ ತಿಳಿಯದವನು ಮಾಲೀಕನಾಗಬಹುದು. ತನ್ನ ಕೆಲಸ ಏನು ಅಂತ ಬಾಯಿಬಿಟ್ಟು ಹೇಳದವನು ಮಾತ್ರ ಆಗಲಾರ.

ನಮ್ಮದೇ ರಾಜ್ಯದ ‘ಭೂಮಿ’ ಯೋಜನೆ ನೋಡಿ. ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಏರಿಸಿದ್ದನ್ನು ಮುದ್ರಿಸಿ ಗ್ರಾಮಲೆಕ್ಕಿಗರ ಕೈಗೆ ಕೊಟ್ಟು, ಕೈಬರಹದ ಪಹಣಿ ಜೊತೆ ತಾಳೆ ನೋಡಿಸಿದರು. ಆಮೇಲಷ್ಟೇ ಹಳೆಯ ಕೈಬರಹಕ್ಕೆ ಮಾನ್ಯತೆ ತೆಗೆದರು. ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲೇ ಮುಂದೆ ಹೋಗಬೇಕು ಅನ್ನುವ ನಿಯಮವನ್ನೂ ಅದರೊಳಗೇ ಕೂಡಿಸಿದರು. ಕಡತ ಯಾರ ಟೇಬಲ್ಲಿನಲ್ಲಿ, ಯಾತಕ್ಕೆ ನಿಲ್ಲುತ್ತದೆ ಅನ್ನುವುದು ಪ್ರೋಗ್ರಾಮ್ ಬರೆಯುವವರಿಗೆ ತಾನಾಗಿ ಹೊಳೆಯುವ ಸಂಗತಿಯಲ್ಲ, ಕಂದಾಯ ಕಚೇರಿ ಬಲ್ಲವರೇ ಹೇಳಬೇಕಾದದ್ದು. ಭೂಮಿಯಲ್ಲಿ ದೋಷವೇ ಇಲ್ಲ ಅನ್ನುತ್ತಿಲ್ಲ. ಪಹಣಿ ತಿದ್ದುಪಡಿಗೆ ತಹಶೀಲ್ದಾರ ಕಚೇರಿ ಅಲೆದವರು ನಮ್ಮಲ್ಲೂ ಇದ್ದಾರೆ. ಆದರೆ ಹಳೆಯದನ್ನು ಮುಚ್ಚುವ ಮೊದಲು ಹೊಸದನ್ನು ತಾಳೆ ನೋಡಬೇಕು ಅನ್ನುವ ಬುದ್ಧಿ ಅಲ್ಲಿತ್ತು. ನಮ್ಮಲ್ಲಿ ಇರಲಿಲ್ಲ.

ತಾಳೆ ನೋಡದೆ ಕಂಪ್ಯೂಟರ್ ಹೇಳಿದ್ದೇ ಸತ್ಯ ಅಂದರೆ ಏನಾಗುತ್ತದೆ ಅನ್ನುವುದಕ್ಕೆ ಬ್ರಿಟನ್ನಿನ ಅಂಚೆ ಇಲಾಖೆ ಸಾಕ್ಷಿ. ಅಲ್ಲಿ 1999ರಿಂದ ‘ಹೊರೈಜನ್’ ಎಂಬ ಲೆಕ್ಕದ ವ್ಯವಸ್ಥೆ ಬಂತು. ಸಣ್ಣ ಸಣ್ಣ ಅಂಚೆ ಕಚೇರಿ ನಡೆಸುವವರ ಲೆಕ್ಕದಲ್ಲಿ ಅದು ಇಲ್ಲದ ಕೊರತೆ ತೋರಿಸಿತು. ಅವರು ‘ನಾವು ಕದ್ದಿಲ್ಲ’ ಅಂದರೆ ಯಾರೂ ಕೇಳಲಿಲ್ಲ. 900ಕ್ಕೂ ಹೆಚ್ಚು ಜನರಿಗೆ ಶಿಕ್ಷೆಯಾಯಿತು, ಕೆಲವರು ಜೈಲು ಕಂಡರು. ಆ ಶಿಕ್ಷೆಗಳನ್ನು ಒಟ್ಟಾಗಿ ರದ್ದುಮಾಡುವ ಕಾನೂನು ಬಂದದ್ದು 2024ರಲ್ಲಿ. ಅಷ್ಟರಲ್ಲಿ ಎಷ್ಟೋ ಜನ ತೀರಿಹೋಗಿದ್ದರು. ನಮ್ಮ ಮೆಟ್ಟಿಲ ಮೇಲೆ ಕುಂತ ಹಿರಿಯರ ಪುಣ್ಯ, ನಮ್ಮಲ್ಲಿ ಹಳೆಯ ಖತಾವಣಿ ಇನ್ನೂ ಕಪಾಟಿನಲ್ಲಿತ್ತು.

ಇದು ನಮ್ಮೊಂದು ಸಂಘದ ಮಾತಲ್ಲ. 2022ರಲ್ಲಿ ಕೇಂದ್ರ ಸರ್ಕಾರ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ಅದು ಬೇರೆ ವ್ಯವಸ್ಥೆ, ನಾವು ಕೊಂಡದ್ದು ಬೇರೆ. ಆದರೆ ಪರದೆ ಮುಂದೆ ಕೂಡುವವರು ನಮ್ಮ ಕಾರ್ಯದರ್ಶಿಗಳಂಥವರೇ.

ಹುಕ್ಕೇರಿಯ ನನ್ನ ಗೆಳೆಯನೊಬ್ಬ ಗೊಬ್ಬರದ ಅಂಗಡಿಗೆ ಸಾಫ್ಟ್‌ವೇರ್ ಹಾಕಿಸಿದ. ಅವನಿಗೆ ಇಂಗ್ಲಿಷೂ ಅಷ್ಟಕ್ಕಷ್ಟೇ. ಸಲಹೆಗಾರನ ಮುಂದೆ ಹೋದ ವರ್ಷದ ಉದ್ರಿ ವಹಿ ಇಟ್ಟು, “ಮೊದಲ ಇದನ್ನ ಅದರಾಗ ಹಾಕಿ ತೋರಸ್ರಿ” ಅಂದನಂತೆ. ಮೂರು ತಿಂಗಳು ವಹಿಯೂ ನಡೆಯಿತು, ಕಂಪ್ಯೂಟರೂ ನಡೆಯಿತು. ಎರಡರ ಮೊತ್ತ ಒಂದೇ ಬಂದ ಮೇಲೆ ಕೊನೆಯ ಕಂತು ಕೊಟ್ಟ. ಪಾಸ್‌ವರ್ಡ್ ಯಾರ ಹತ್ತಿರ ಇರಬೇಕು, ನಾಳೆ ಜಗಳವಾದರೆ ನನ್ನ ಲೆಕ್ಕ ಯಾವ ರೂಪದಲ್ಲಿ ನನ್ನ ಕೈಗೆ ಬರಬೇಕು ಅಂತ ಕಾಗದದಲ್ಲಿ ಬರೆಸಿಕೊಂಡ. ಇದರಲ್ಲಿ ಟೆಕ್ನಾಲಜಿ ಎಲ್ಲಿದೆ? ಇದು ವ್ಯಾಪಾರದ ಬುದ್ಧಿ. ಏಳು ಜನ ನಿರ್ದೇಶಕರು ಆ ಬುದ್ಧಿಯನ್ನು ಗೋಕಾಕದ ಸಭಾಂಗಣದ ಹೊರಗೆ ಚಪ್ಪಲಿ ಜೊತೆ ಬಿಟ್ಟು ಒಳಗೆ ಹೋಗಿದ್ದೆವು.

ಕೊನೆಗೆ ತಿದ್ದುಪಡಿ ಆಯಿತು. ಅದಕ್ಕೆ ಬೇರೆ ರೊಕ್ಕ ಕೊಟ್ಟೆವು, ಯಾಕಂದರೆ ಒಪ್ಪಂದದಲ್ಲಿ ಕಬ್ಬಿನ ಬಿಲ್ಲಿನ ಸುದ್ದಿಯೇ ಇರಲಿಲ್ಲ. ಹಂಗಾಮು ಮುಗಿದ ಮೇಲೆ ಆ ಹಿರಿಯರು ಬಂದು ಪೂರ್ತಿ ಸಾಲ ಕಟ್ಟಿದರು. ಪ್ರಿಂಟರಿನಿಂದ ಬಂದ ರಸೀದಿಯನ್ನು ತಿರುಗಿಸಿ ಮುರುಗಿಸಿ ನೋಡಿ, ಕಾರ್ಯದರ್ಶಿಗಳ ಮುಂದೆ ಇಟ್ಟರು.

“ಇದರ ಮ್ಯಾಲ ನಿನ್ನ ಕೈಲೆ ಒಂದ್ ಸಾಲ ಬರದು ಸಹಿ ಮಾಡಪಾ.”

ಕಾರ್ಯದರ್ಶಿಗಳು ಬರೆದುಕೊಟ್ಟರು. ಇವತ್ತಿಗೂ ಬರೆದುಕೊಡುತ್ತಾರೆ.