ಹೆಗಲಿಗೆ ಹಗುರಾದ ದೋಣಿ ಹೊಳೆಗೂ ಸೈಯೇ?

ಪ್ಯಾಕ್‌ರಾಫ್ಟ್ ಕೊಳ್ಳಲು ಹೊರಟವರು ಮೊದಲು ಕೇಳುವುದು ತೂಕವನ್ನು. ಸುತ್ತಿಟ್ಟರೆ ಬೆನ್ನಚೀಲದೊಳಗೆ ಕೂರುವ, ಗಾಳಿ ತುಂಬಿದರೆ ಒಬ್ಬ ಆಳನ್ನೂ ಅವನ ವಾರದ ಸಾಮಾನನ್ನೂ ಹೊರುವ ಈ ಪುಟ್ಟ ದೋಣಿಯ ಹೆಚ್ಚುಗಾರಿಕೆಯೇ ಹಗುರತನ. ಹಾಗಾಗಿ ಪ್ರಶ್ನೆ ಸಹಜ. ತಯಾರಕರೂ ಗ್ರಾಂ ಲೆಕ್ಕವನ್ನೇ ಎತ್ತಿ ತೋರಿಸುತ್ತಾರೆ. ನನ್ನ ತಕರಾರು ಇರುವುದು ಇಲ್ಲೇ. ತೂಕದಿಂದ ಆಯ್ಕೆ ಶುರು ಮಾಡಿದವರು ಬಹಳ ಸಲ ತಮಗೆ ಒಗ್ಗದ ದೋಣಿಯ ಮುಂದೆ ಬಂದು ನಿಲ್ಲುತ್ತಾರೆ. ಮೊದಲು ಕೇಳಿಕೊಳ್ಳಬೇಕಾದ ಮಾತು ಬೇರೆ: ಹೊರಟ ದಾರಿಯಲ್ಲಿ ನಡಿಗೆ ಎಷ್ಟು, ನೀರು ಎಷ್ಟು, ಮತ್ತು ಆ ನೀರಿನಲ್ಲಿ ದೋಣಿ ಮಗುಚಿದರೆ ನಾನು ಏನು ಮಾಡಬಲ್ಲೆ?

ಹೊತ್ತೊಯ್ಯುವ ಗಾಳಿದೋಣಿಯ ಆಸೆ ಹಳೆಯದು. 1840ರ ದಶಕದಲ್ಲೇ ಬ್ರಿಟಿಷ್ ನೌಕಾಪಡೆಯ ಪೀಟರ್ ಹಾಲ್ಕೆಟ್ ಎಂಬ ಅಧಿಕಾರಿ ರಬ್ಬರು ಹಾಯಿಸಿದ ಬಟ್ಟೆಯಲ್ಲಿ ಒಂದು ಮೇಲಂಗಿ ಮಾಡಿದ್ದ. ಹೆಗಲ ಮೇಲಿದ್ದರೆ ಅದು ಉಡುಪು, ಗಾಳಿ ತುಂಬಿದರೆ ದೋಣಿ, ಕೈಯಲ್ಲಿದ್ದ ಕೊಡೆಯೇ ಹಾಯಿ. ಆರ್ಕ್ಟಿಕ್ ಅನ್ವೇಷಕ ಜಾನ್ ರೇ ಹಾಲ್ಕೆಟ್‌ನ ದೋಣಿಯನ್ನು ಕೆನಡಾದ ಉತ್ತರಕ್ಕೆ ಒಯ್ದು ಬಳಸಿದ. ಇವತ್ತಿನ ಪ್ಯಾಕ್‌ರಾಫ್ಟಿನ ತವರು ಮಾತ್ರ ಅಲಾಸ್ಕಾ. ಬಹುಪಾಲು ರಸ್ತೆಯೂ ಸೇತುವೆಯೂ ಇಲ್ಲದ ಆ ನಾಡಿನಲ್ಲಿ ನಡೆಯುವವನ ದಾರಿಯನ್ನು ನದಿಗಳು ತುಂಡರಿಸುತ್ತಲೇ ಇರುತ್ತವೆ. 1982ರಲ್ಲಿ ಕೀನೈ ಪರ್ಯಾಯ ದ್ವೀಪದ ಹೋಪ್‌ನಿಂದ ಹೋಮರ್‌ಗೆ ನಡೆದ ಮೊದಲ ವೈಲ್ಡರ್‌ನೆಸ್ ಕ್ಲಾಸಿಕ್ ಸ್ಪರ್ಧೆಯಲ್ಲಿ, ಹರೆಯದವರೆಲ್ಲ ಕೊರೆಯುವ ನದಿಯನ್ನು ಈಜಿ ದಾಟಬೇಕಾದ ಕಡೆ, ಐವತ್ತು ದಾಟಿದ್ದ ಡಿಕ್ ಗ್ರಿಫಿತ್ ಚೀಲದಿಂದ ಒಂದು ವಿನೈಲ್ ದೋಣಿ ತೆಗೆದು ಗಾಳಿ ತುಂಬಿಸಿ ಆಚೆ ದಡ ಸೇರಿಬಿಟ್ಟರು. ಆ ಸ್ಪರ್ಧೆಯಲ್ಲಿದ್ದ ರೋಮನ್ ಡಯಲ್ 2008ರಲ್ಲಿ ಈ ವಿದ್ಯೆಗೆ ಕೈಪಿಡಿಯನ್ನೇ ಬರೆದರು. 2000ದ ಸುಮಾರಿಗೆ ಬ್ರೂಕ್ಸ್ ಪರ್ವತಶ್ರೇಣಿಯನ್ನು ಹಾದು ಬಂದ ಥಾರ್ ಟಿಂಗಿ ತಾವು ಒಯ್ದಿದ್ದ ದೋಣಿಗಳ ಬಗ್ಗೆ ತಾಯಿಯ ಬಳಿ ದೂರಿದರು. ತಾಯಿ ಶೆರಿ ಟಿಂಗಿ ಸ್ಕೀ ಉಡುಪುಗಳನ್ನು ವಿನ್ಯಾಸ ಮಾಡಿ ಹೊಲಿದು ಪಳಗಿದ ಕೈ. ಮಗನಿಗೆಂದು ಅವರು ಮಾಡಿಕೊಟ್ಟ ದೋಣಿಯಿಂದಲೇ ಅಲ್ಪಾಕಾ ರಾಫ್ಟ್ ಎಂಬ ಕಂಪನಿ ಬೆಳೆಯಿತು.

ಈ ಚರಿತ್ರೆಯನ್ನು ಹೇಳಿದ್ದಕ್ಕೆ ಕಾರಣವಿದೆ. ಗ್ರಿಫಿತ್ ಅವರಿಗೆ ಬೇಕಿದ್ದದ್ದು ಒಂದು ನದಿಯನ್ನು ದಾಟುವುದು. ಟಿಂಗಿ ಅವರ ಮಗನಿಗೆ ಬೇಕಿದ್ದದ್ದು ನದಿಯ ಜೊತೆ ದಿನಗಟ್ಟಲೆ ಸಾಗುವುದು. ಎರಡೂ ಬೇರೆ ಬೇರೆ ಕೆಲಸ, ಎರಡಕ್ಕೂ ಬೇರೆ ಬೇರೆ ದೋಣಿ. ಇವತ್ತಿಗೂ ಮಾರುಕಟ್ಟೆಯಲ್ಲಿರುವ ದೋಣಿಗಳನ್ನು ಅಳೆಯಲು ಈ ಭೇದಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ಕಂಡಿಲ್ಲ.

ದಾಟುವ ಕೆಲಸವಷ್ಟೇ ಇದ್ದರೆ, ಅಂದರೆ ನಾಲ್ಕು ದಿನದ ಚಾರಣದಲ್ಲಿ ಒಂದು ತಣ್ಣನೆಯ ಹೊಳೆಯನ್ನೋ ಸಣ್ಣ ಕೆರೆಯನ್ನೋ ಹಾಯಬೇಕಿದ್ದರೆ, ಕಿಲೋ ಆಸುಪಾಸಿನ ಅತಿ ಹಗುರ ದೋಣಿಯೇ ಸರಿ. ಸೂಪೈ, ಕ್ಲೈಮಿಟ್ ಮುಂತಾದವರು ಮಾಡಿದ್ದು ಈ ಜಾತಿಯದು. ಇವುಗಳ ಬಟ್ಟೆ ತೆಳು, ತಳವೂ ತೆಳು. ಬಿಗಿಯಾಗಿ ಗಾಳಿ ನಿಲ್ಲದ ದೋಣಿ ಅಲೆಯ ನೆತ್ತಿಯಲ್ಲಿ ನಡುವೆ ಮಡಚಿಕೊಳ್ಳುತ್ತದೆ. ದಡದಿಂದ ದಡಕ್ಕೆ ಹೋಗುವಾಗ ಅದು ದೊಡ್ಡ ದೋಷವಲ್ಲ. ‘ಹೇಗೂ ದೋಣಿ ಇದೆಯಲ್ಲ, ಹತ್ತು ಕಿಲೋಮೀಟರ್ ಹೊಳೆಯಲ್ಲೇ ಇಳಿದುಬಿಡೋಣ’ ಎಂಬ ಯೋಚನೆ ಬಂದಾಗಲೇ ಅಪಾಯ ಶುರು. ಈ ಆಸೆ ಬಂದೇ ಬರುತ್ತದೆ ಅನ್ನುವವರು ಈ ದೋಣಿಯನ್ನು ಕೊಳ್ಳದಿರುವುದೇ ಲೇಸು.

ನಡಿಗೆಯೂ ನೀರೂ ಸಮಸಮ ಇರುವ ದಾರಿಗೆ ಅಮೆರಿಕದ ಯೂಟಾದ ಎಸ್ಕಲಾಂಟೆ ನದಿಯಷ್ಟು ಒಳ್ಳೆಯ ಪರೀಕ್ಷೆ ಇನ್ನೊಂದಿಲ್ಲ. ಕೆಂಪು ಮರಳುಗಲ್ಲಿನ ಕಣಿವೆಯಲ್ಲಿ ಸುತ್ತಿ ಸುತ್ತಿ ಹರಿದು ಪೊವೆಲ್ ಜಲಾಶಯದತ್ತ ಸಾಗುವ ಈ ನದಿಯಲ್ಲಿ ದೋಣಿ ತೇಲುವಷ್ಟು ನೀರು ಸಿಗುವುದು ಬಹುಮಟ್ಟಿಗೆ ವಸಂತದಲ್ಲಿ, ಮೇಲಿನ ಬೆಟ್ಟಗಳ ಹಿಮ ಕರಗುವ ಕೆಲವೇ ವಾರ. ಆಗಲೂ ಹಲವು ಕಡೆ ನೀರು ಮೊಣಕಾಲಿಗಿಂತ ಕೆಳಗೆ. ದೋಣಿ ಕಲ್ಲಿನ ಮೇಲೆ ಉಜ್ಜುತ್ತದೆ, ನಿಲ್ಲುತ್ತದೆ; ಇಳಿದು ಎಳೆಯಬೇಕು, ಮತ್ತೆ ಹತ್ತಬೇಕು. ದಿನದಲ್ಲಿ ಇದು ಎಷ್ಟು ಸಲವೆಂದು ಎಣಿಸುವವರಿಲ್ಲ. ಕೊನೆಗೆ ಕಯೋಟೆ ಗಲ್ಚ್ ಬಳಿ ನದಿ ಬಿಟ್ಟು ಹೊರಬರುವಾಗ ಮರಳಿನ ದೊಡ್ಡ ಏರು, ಆಮೇಲೆ ಬಂಡೆಯ ಬಿರುಕಿನಲ್ಲಿ ಮೈ ತೂರಿಸಿ ಹತ್ತುವ ದಾರಿ. ಬೆನ್ನಚೀಲವನ್ನು ಹಗ್ಗ ಕಟ್ಟಿ ಮೇಲೆಳೆದುಕೊಳ್ಳುವವರೇ ಹೆಚ್ಚು.

ಇಂಥ ದಾರಿಗೆ ಎಂಥ ದೋಣಿ? ಅಲೆಗಳಿಲ್ಲದ ಕಾರಣ ಮೇಲುಹೊದಿಕೆ, ಅಂದರೆ ಡೆಕ್, ಬೇಡ. ತೊಡೆ ಪಟ್ಟಿಯೂ ಬೇಡ. ಒಂದೂವರೆಯಿಂದ ಎರಡೂವರೆ ಕಿಲೋ ನಡುವಿನ ತೆರೆದ ದೋಣಿ ಸಾಕು. ಗ್ರಾಂ ಉಳಿಸುವ ಹಟಕ್ಕೆ ಬಿದ್ದು ತಳದ ಬಟ್ಟೆಯಲ್ಲಿ ಮಾತ್ರ ರಾಜಿ ಮಾಡಿಕೊಳ್ಳಬಾರದು. ಕೂತವರ ಭಾರವೆಲ್ಲ ಬೀಳುವುದು ಆಸನದ ಕೆಳಗಿನ ಒಂದು ಮೊಳ ಜಾಗದ ಮೇಲೆ. ದೋಣಿಯಲ್ಲಿ ಎಲ್ಲಕ್ಕಿಂತ ಕೆಳಗಿರುವುದೂ ಕಲ್ಲಿಗೆ ಮೊದಲು ತಾಗುವುದೂ ಅದೇ. ಬಳಸಿದ ದೋಣಿಯನ್ನು ಕೊಳ್ಳುವಾಗ ತಿರುವಿ ಹಾಕಿ ಆ ಜಾಗದ ಮೇಲೆ ಬೆರಳಾಡಿಸಿ ನೋಡಿ. ಲೇಪ ಸವೆದು ನೂಲು ಕೈಗೆ ತಗುಲಿದರೆ ಬೆಲೆ ಎಷ್ಟೇ ಇಳಿದರೂ ವ್ಯಾಪಾರ ಬೇಡ.

ಇದೇ ಎಸ್ಕಲಾಂಟೆಯ ದೋಣಿಯನ್ನು ಅಲಾಸ್ಕಾದ ಮೂರನೇ ದರ್ಜೆಯ ರಭಸಕ್ಕೆ ಇಳಿಸಿದರೆ? ಅಲ್ಲಿ ನೀರು ಹಿಮನದಿಯಿಂದ ಆಗತಾನೇ ಇಳಿದದ್ದು, ಕಲ್ಲಿನ ಹಿಟ್ಟು ಬೆರೆತು ಬೂದಿಬಣ್ಣಕ್ಕೆ ತಿರುಗಿದ್ದು. ದಡದಲ್ಲಿ ಬಿಗಿಯಾಗಿ ತುಂಬಿದ ದೋಣಿಯೂ ನೀರಿಗಿಟ್ಟ ಸ್ವಲ್ಪ ಹೊತ್ತಿಗೆ ಮೆತ್ತಗಾಗುತ್ತದೆ, ಏಕೆಂದರೆ ಒಳಗಿನ ಗಾಳಿ ತಣಿದು ಕುಗ್ಗುತ್ತದೆ. ಬಲ್ಲವರು ದೋಣಿಯನ್ನು ನೀರಿಗೆ ತೋರಿಸಿ, ತಣಿಯಲು ಬಿಟ್ಟು, ವಾಲ್ವಿಗೆ ಬಾಯಿಟ್ಟು ಮತ್ತೊಮ್ಮೆ ಊದಿ ಬಿಗಿ ಮಾಡಿದ ಮೇಲೆಯೇ ಹತ್ತುತ್ತಾರೆ. ಬಿಸಿಲಿನಲ್ಲಿ ಇದರ ತಿರುಗುಮುರುಗು: ಊಟಕ್ಕೆಂದು ದಡಕ್ಕೆಳೆದ ದೋಣಿಯ ಗಾಳಿಯನ್ನು ಸಡಿಲಿಸದಿದ್ದರೆ ಅಂಚಿನ ಬೆಸುಗೆಗಳ ಮೇಲೆ ಒತ್ತಡ ಬೀಳುತ್ತದೆ. ನಮ್ಮ ಕಡೆಯ ಬಿಸಿಲಿಗೆ ಒಯ್ಯುವವರು ಇದನ್ನು ಮರೆಯಲೇಬಾರದು.

ರಭಸದ ನೀರಿಗೆ ಎರಡು ಬಗೆಯ ದೋಣಿಗಳಿವೆ, ಅಭಿಮಾನಿಗಳೂ ಎರಡು ಪಂಗಡ. ಒಂದು ಡೆಕ್ ಇರುವುದು: ಸೊಂಟದ ಸುತ್ತ ಬಟ್ಟೆ ಬಿಗಿದು ನೀರು ಒಳಬರದಂತೆ ತಡೆಯುತ್ತದೆ. ಮೈ ಒಣಗಿರುತ್ತದೆ, ಕಾಲು ಬೆಚ್ಚಗಿರುತ್ತದೆ, ದೋಣಿಯ ಓಟವೂ ಚುರುಕು. ಇನ್ನೊಂದು ತಳದಲ್ಲಿ ತೂತುಗಳಿರುವುದು: ಬಂದ ನೀರು ತಾನೇ ಸೋರಿಹೋಗುತ್ತದೆ, ಕೂರುವ ಜಾಗವನ್ನು ಗಾಳಿ ತುಂಬಿದ ನೆಲಹಾಸು ಎತ್ತಿ ಹಿಡಿದಿರುತ್ತದೆ. ಇದರಲ್ಲಿ ಇಡೀ ದಿನ ಒದ್ದೆ ಕೂರಬೇಕು, ನಿಂತ ನೀರಿನಲ್ಲಿ ಇದು ಭಾರ. ಅಂಗಡಿಯವರು ಹೊಸಬರಿಗೂ ಡೆಕ್ಕನ್ನೇ ಶಿಫಾರಸು ಮಾಡುವುದನ್ನು ಕಂಡಿದ್ದೇನೆ. ನನ್ನ ತೀರ್ಪು ಅದಕ್ಕೆ ವಿರುದ್ಧ. ಡೆಕ್ ಇರುವ ದೋಣಿ ಮಗುಚಿದಾಗ ತಲೆ ಕೆಳಗಾಗಿರುವಾಗಲೇ ಹೊದಿಕೆ ಕಿತ್ತು, ತೊಡೆ ಪಟ್ಟಿಯಿಂದ ಕಾಲು ಬಿಡಿಸಿಕೊಂಡು ಹೊರಬರಬೇಕು. ಆಮೇಲೆ ನೀರು ತುಂಬಿದ ದೋಣಿಯನ್ನು ದಡಕ್ಕೆ ಸೇರಿಸಿ ಬರಿದು ಮಾಡಬೇಕು. ತೂತಿನ ದೋಣಿಯಾದರೆ ತಿರುಗಿಸಿ, ಹೊಟ್ಟೆಯ ಮೇಲೆ ಒರಗಿ ಹತ್ತಿದರೆ ಮುಗಿಯಿತು. ನೀರು ತಾನೇ ಹೋಗುತ್ತದೆ. ಕಲಿಯುವವರಿಗೆ ಬೇಕಾದ್ದು ಈ ಕ್ಷಮೆ. ಚಳಿಯ ಮಾತಿಗೆ ಡ್ರೈಸೂಟ್ ಇದೆ, ಹಿಮನದಿಯ ನೀರಿನಲ್ಲಿ ಅದು ಯಾವ ದೋಣಿಗಾದರೂ ಬೇಕೇ ಬೇಕು.

ಅಳತೆಯ ವಿಷಯದಲ್ಲೂ ಇಂಥದೇ ಒಂದು ತಪ್ಪು ನಂಬಿಕೆ ಓಡಾಡುತ್ತಿದೆ: ದೊಡ್ಡದಾದಷ್ಟೂ ಭದ್ರ ಎಂದು. ರಭಸದಲ್ಲಿ ದೋಣಿಯನ್ನು ಆಳುವುದು ಹುಟ್ಟಿನಷ್ಟೇ ಸೊಂಟ, ತೊಡೆ, ಪಾದ. ಪಾದ ಮುಂಬದಿಯ ಟ್ಯೂಬಿಗೆ ಒತ್ತಿ ನಿಲ್ಲಬೇಕು, ಬೆನ್ನು ಹಿಂದಿನ ಆಸರೆಗೆ ಆನಬೇಕು. ಒಳಗೆ ಜಾರಾಡುವವರು ದೋಣಿಯಲ್ಲಿರುವ ಸಾಮಾನಾಗುತ್ತಾರೆಯೇ ಹೊರತು ಅದನ್ನು ನಡೆಸುವವರಾಗುವುದಿಲ್ಲ.

ಕೆರೆ, ಜಲಾಶಯಗಳಿಗೆ ಸಾಮಾನ್ಯ ಪ್ಯಾಕ್‌ರಾಫ್ಟ್ ಒಗ್ಗುವುದಿಲ್ಲವೆಂದು ನೇರವಾಗಿಯೇ ಹೇಳಬೇಕು. ಹಂಪಿಯ ಹರಿಗೋಲು ಒಂದೊಂದು ಹುಟ್ಟಿಗೂ ತಿರುಗಲು ನೋಡುವಂತೆ, ಮೊಟಕಾಗಿ ಅಗಲವಾಗಿರುವ ಈ ದೋಣಿಯ ಮೂಗೂ ಅತ್ತಿತ್ತ ಹೊರಳುತ್ತದೆ. ಎದುರುಗಾಳಿ ಎದ್ದರೆ ಹುಟ್ಟು ಹಾಕಿದ್ದೆಲ್ಲ ವ್ಯರ್ಥ. ಉದ್ದ ಹೆಚ್ಚಿರುವ, ಹಿಂದೆ ಚಿಕ್ಕ ರೆಕ್ಕೆ ಸಿಕ್ಕಿಸುವ ಮಾದರಿಗಳು ಸ್ವಲ್ಪ ಮೇಲು. ಸೈಕಲ್ ಹೊರುವವರಿಗೂ ಉದ್ದವೇ ಬೇಕು: ಗಾಲಿ ಬಿಚ್ಚಿ ಮುಂಬದಿಗೆ ಕಟ್ಟಿದ ಸೈಕಲ್ ಹಿಂದೆ ಕೂತವರ ಭಾರವನ್ನು ತೂಗಿಸುತ್ತದೆ. ಚೈನಿನ ಹಲ್ಲುಚಕ್ರಕ್ಕೆ ಬಟ್ಟೆ ಸುತ್ತದಿದ್ದರೆ ಟ್ಯೂಬ್ ಉಳಿಯುವುದಿಲ್ಲ.

ಇನ್ನು ಜಿಪ್. ದೋಣಿಯ ಟ್ಯೂಬಿನೊಳಗೇ ಸಾಮಾನು ತುಂಬಿ, ಗಾಳಿ ಸೋರದ ಜಿಪ್ಪಿನಿಂದ ಮುಚ್ಚುವ ಏರ್ಪಾಡು ಕಳೆದ ದಶಕದಲ್ಲಿ ಬಂದು ಬೇರೂರಿತು. ಈ ವಿದ್ಯೆಗೆ ಸಿಕ್ಕ ದೊಡ್ಡ ಕೊಡುಗೆ ಇದೆಂದು ನಾನು ಎಣಿಸುತ್ತೇನೆ. ಮುಂಬದಿಯ ಮೇಲೆ ಗೋಪುರದಂತೆ ಕಟ್ಟುತ್ತಿದ್ದ ಚೀಲ ಈಗ ನೀರಿನ ಮಟ್ಟಕ್ಕೆ ಇಳಿದಿದೆ, ದೋಣಿ ನೆಲೆಯಾಗಿ ನಿಲ್ಲುತ್ತದೆ, ಎದುರಿನ ನೋಟಕ್ಕೆ ತಡೆಯಿಲ್ಲ. ಆದರೂ ದೀರ್ಘ ಪ್ರಯಾಣವಿಲ್ಲದವರು ಇದನ್ನು ಹಾಕಿಸಬಾರದು. ಜಿಪ್ಪಿನ ಹಲ್ಲುಗಳ ನಡುವೆ ಮರಳಿನ ಕಾಳೊಂದು ಕೂತರೂ ಗಾಳಿ ಸೋರೀತು. ಪ್ರತಿ ಸಲ ತೊಳೆದು, ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ, ತುದಿಗೆ ಜಾರುಜೆಲ್ ಹಚ್ಚಬೇಕು. ಅದರ ಜೊತೆಗೆ ಸಾಮಾನೆಲ್ಲ ಒಳಗಿದ್ದರೆ ನಡುದಾರಿಯಲ್ಲಿ ಒಂದು ಸ್ವೆಟರ್ ಬೇಕೆಂದರೂ ಗಾಳಿ ಬಿಡಬೇಕು. ಒಂದೆರಡು ದಿನದ ಹೊಳೆಯಾಟಕ್ಕೆ ಇದು ಬರಿಯ ಹೊರೆ.

ತೂಕದ ಚರ್ಚೆಗೆ ಮರಳುವುದಾದರೆ, ದೋಣಿಯ ತೂಕವೊಂದನ್ನೇ ಹೇಳುವುದು ಅರ್ಧ ಲೆಕ್ಕ. ಮೂರು ಕಿಲೋ ದೋಣಿಗೆ ಕಿಲೋ ಹತ್ತಿರದ ನಾಲ್ಕು ತುಂಡಿನ ಹುಟ್ಟು, ಲೈಫ್ ಜಾಕೆಟ್, ಹೆಲ್ಮೆಟ್, ಡ್ರೈಸೂಟ್ ಎಲ್ಲ ಸೇರಿದರೆ ಆರೇಳು ಕಿಲೋ ಆಗುತ್ತದೆ. ಹೀಗಿರುವಾಗ ದೋಣಿಯಲ್ಲಿ ಮುನ್ನೂರು ಗ್ರಾಂ ಇಳಿಸಲು ತೆಳು ಬಟ್ಟೆಗೆ ಹೋಗುವುದು, ಅಥವಾ ಅದಕ್ಕಿಂತ ಕೆಟ್ಟದಾಗಿ ಲೈಫ್ ಜಾಕೆಟನ್ನೇ ಮನೆಯಲ್ಲಿ ಬಿಡುವುದು, ತರ್ಕಕ್ಕೆ ನಿಲ್ಲುವುದಿಲ್ಲ. ಹೆಚ್ಚಿನ ಪ್ಯಾಕ್‌ರಾಫ್ಟ್‌ಗಳಿಗೆ ಮುಖ್ಯ ಗಾಳಿಕೋಣೆ ಒಂದೇ ಎಂಬುದನ್ನು ನೆನೆದರೆ ಈ ಉಳಿತಾಯ ಎಷ್ಟು ದುಬಾರಿಯೆಂದು ತಿಳಿಯುತ್ತದೆ.

ಈ ಎರಡು ದಶಕಗಳಲ್ಲಿ ದೋಣಿಗಳು ನಿಜಕ್ಕೂ ಸುಧಾರಿಸಿವೆ. ಅಲೆಯಲ್ಲಿ ಹಿಂದಕ್ಕೆ ಮಗುಚುತ್ತಿದ್ದ ಮೊಟಕು ಹಿಂಬದಿ ಚೂಪಾಗಿ ಉದ್ದವಾಯಿತು, ತೊಡೆ ಪಟ್ಟಿಗಳು ಬಂದವು, ಬಟ್ಟೆ ಗಟ್ಟಿಯಾಯಿತು. ದೋಣಿ ತಾಳಿಕೊಳ್ಳುವ ನೀರಿಗೆ ಜನ ಇಳಿಯತೊಡಗಿದರು. ಅದೇ ನೀರನ್ನು ಜನರೂ ತಾಳಿಕೊಳ್ಳಬಲ್ಲರೇ ಎಂಬ ಪ್ರಶ್ನೆ ಹಿಂದೆ ಬಿತ್ತು. 2014ರಲ್ಲಿ ಅದೇ ವೈಲ್ಡರ್‌ನೆಸ್ ಕ್ಲಾಸಿಕ್‌ನಲ್ಲಿ ಒಬ್ಬ ಅನುಭವಿ ತಾನಾ ನದಿಯಲ್ಲಿ ತೀರಿಕೊಂಡರು. ಅದಾದ ಮೇಲೆ ಅಲಾಸ್ಕಾದ ಲುಕ್ ಮೆಹ್ಲ್ ತಮ್ಮ ಸಾಹಸಯಾತ್ರೆಗಳ ಭರಾಟೆ ತಗ್ಗಿಸಿ ಸುರಕ್ಷತೆಯನ್ನು ಕಲಿಸುವ ಕಡೆ ತಿರುಗಿದರು. 2021ರಲ್ಲಿ ಬಂದ ಅವರ ‘ದಿ ಪ್ಯಾಕ್‌ರಾಫ್ಟ್ ಹ್ಯಾಂಡ್‌ಬುಕ್’, ನೀರಿಗೆ ಬಿದ್ದವರು ತಾವಾಗಿಯೇ ಮತ್ತೆ ದೋಣಿ ಹತ್ತುವುದನ್ನು ಮೂಲಪಾಠವಾಗಿ ಎಣಿಸುತ್ತದೆ. ದೋಣಿಯ ಆಯ್ಕೆಗೂ ಅದೇ ಪರೀಕ್ಷೆ ಸಲ್ಲಬೇಕೆಂಬುದು ನನ್ನ ವಾದ.

ಹಾಗಾಗಿ ಕೊಳ್ಳುವ ಮೊದಲು ಬಾಡಿಗೆಗೆ ತನ್ನಿ. ಎದೆಮಟ್ಟದ ನಿಂತ ನೀರಿನಲ್ಲಿ, ಜೊತೆಗೊಬ್ಬರನ್ನು ನಿಲ್ಲಿಸಿಕೊಂಡು, ಪ್ರವಾಸದಲ್ಲಿ ತೊಡುವ ಉಡುಪನ್ನೇ ತೊಟ್ಟು, ಬೇಕೆಂದೇ ಮಗುಚಿ. ನೆಲಕ್ಕೆ ಕಾಲೂರದೆ ಹತ್ತಿ ನೋಡಿ. ಡೆಕ್ ಇದ್ದರೆ ಡೆಕ್ ಹಾಕಿಕೊಂಡೇ ಮಾಡಿ. ದಣಿದ ಮೇಲೆ ಇನ್ನೊಮ್ಮೆ ಮಾಡಿ, ಏಕೆಂದರೆ ಹೊಳೆಯಲ್ಲಿ ಬೀಳುವುದು ದಣಿದಾಗಲೇ ಹೆಚ್ಚು. ಹತ್ತಲಾಗದ ದೋಣಿಯನ್ನು ಅಂಗಡಿಗೇ ಹಿಂದಿರುಗಿಸಿ, ಹೊಟ್ಟೆಯ ಭಾಗ ತಗ್ಗಾಗಿರುವ ಇನ್ನೊಂದನ್ನು ತನ್ನಿ. ಡೆಕ್, ಜಿಪ್ ಸೇರಿದ ದೋಣಿಯ ಬೆಲೆ ಸಾವಿರ ಡಾಲರ್ ದಾಟುವ ಈ ಕಾಲದಲ್ಲಿ ಅವೆರಡನ್ನೂ ಬಿಟ್ಟ ಸಾದಾ ದೋಣಿ ತೆಗೆದುಕೊಂಡು, ಉಳಿದ ಹಣವನ್ನು ಡ್ರೈಸೂಟಿಗೂ ಎರಡು ದಿನದ ನದಿ ರಕ್ಷಣಾ ತರಬೇತಿಗೂ ಹಾಕಿ. ಡೆಕ್ ಇರುವ ದೋಣಿಯನ್ನು ಮುಂದಿನ ವರ್ಷ ಕೊಂಡರಾಯಿತು.